ಶೀಟಿನ ರೂಮಿನ ಅಟ್ಟ ಕಾಯುತ್ತೆ: ಸೀಲಿಂಗ್ ಮೇಲೆ ಏನು ಹಾಸಬೇಕು, ಯಾವ ಸಂದಿ ಮುಚ್ಚಬೇಕು?

ವಿದ್ಯಾನಗರ ಕಡೇ ತಿರುವು

ಊರು ದಾವಣಗೆರೆ. ಆರ್‌ಸಿಸಿ ಮನೆಯ ತಾರಸಿ ಮೇಲೆ ಒಂದು ಶೀಟಿನ ರೂಮು ಇದೆ. ಒಳ ಅಳತೆ 20 ಅಡಿ, 15 ಅಡಿ. ಗೋಡೆ ಆರಿಂಚು ಸಿಮೆಂಟ್ ಬ್ಲಾಕು. ಮೇಲೆ ನೀಲಿ ಬಣ್ಣದ ಕಬ್ಬಿಣದ ಶೀಟು, ಅದರ ಕೆಳಗೆ ಜಿಪ್ಸಂ ಬೋರ್ಡಿನ ಫಾಲ್ಸ್ ಸೀಲಿಂಗ್. ಶೀಟಿಗೂ ಸೀಲಿಂಗಿಗೂ ನಡುವೆ ಗೋಡೆ ಬದಿಯಲ್ಲಿ ಒಂದೂವರೆ ಅಡಿ, ನಡುಮಧ್ಯೆ ಮೂರೂವರೆ ಅಡಿ ಅಟ್ಟದಂಥ ಜಾಗ ಇದೆ. ಸೀಲಿಂಗಲ್ಲಿ ಆರು ಎಲ್‌ಇಡಿ ಲೈಟು, ಒಂದು ಫ್ಯಾನು. ಒಂದೂವರೆ ಟನ್ ಎಸಿ ಇದೆ. ಪಕ್ಕದಲ್ಲೇ ಬಾತ್‌ರೂಮು, ಅದರಲ್ಲಿ ಗ್ಯಾಸ್ ಗೀಸರ್.

ಶಿವರಾತ್ರಿ ಕಳೆದ ಮೇಲೆ ಮಧ್ಯಾಹ್ನ ಎಸಿ 24ಕ್ಕೆ ಇಟ್ಟರೂ ರೂಮು 29ರ ಕೆಳಗೆ ಇಳಿಯಲ್ಲ. ಥರ್ಮಾಕೋಲ್ ಹಾಸಿ ಅಂತ ಒಬ್ಬರು, ಫಾಯಿಲ್ ಹೊಡೆಸಿ ಅಂತ ಇನ್ನೊಬ್ಬರು, ಶೀಟೇ ತೆಗೆದು ಪಫ್ ಪ್ಯಾನೆಲ್ (ಎರಡು ತಗಡಿನ ನಡುವೆ ಫೋಮು ತುಂಬಿದ ಶೀಟು) ಹಾಕಿಸಿ ಅಂತ ಮತ್ತೊಬ್ಬರು ಹೇಳ್ತಿದಾರೆ. ಯಾವುದು ಮೊದಲು, ಎಷ್ಟು ದಪ್ಪ, ಎಷ್ಟು ಸಾಮಾನು? ತಿಳಿದವರು ಬಿಡಿಸಿ ಹೇಳಿ.

ತಗಡು-ತೊಲೆ

ಮೊದಲು ಒಂದು ತೀರ್ಮಾನ ಆಗಬೇಕು ಸಾರ್. ಬಿಸಿಯನ್ನ ಎಲ್ಲಿ ನಿಲ್ಲಿಸ್ತೀರಿ, ಶೀಟಿನ ಹತ್ತಿರವೋ ಸೀಲಿಂಗ್ ಹತ್ತಿರವೋ? ಗಡಿ ಒಂದೇ ಇರಬೇಕು. ಶೀಟೇ ಗಡಿ ಅಂದರೆ ಪಫ್ ಪ್ಯಾನೆಲ್ ಹಾಕಿ, ಅಟ್ಟದ ಗಾಳಿ ಕಿಂಡಿಗಳನ್ನೆಲ್ಲ ಮುಚ್ಚಿ, ಅಟ್ಟವೂ ರೂಮಿನ ಭಾಗವೇ ಅಂತ ಲೆಕ್ಕ ಹಿಡಿಯಬೇಕು. ಸೀಲಿಂಗ್ ಗಡಿ ಅಂದರೆ ಸೀಲಿಂಗಲ್ಲಿ ಕೂದಲೆಳೆ ಸಂದಿಯೂ ಇರಬಾರದು, ಅದರ ಮೇಲಿನ ಅಟ್ಟಕ್ಕೆ ಮಾತ್ರ ಹೊರಗಿನ ಗಾಳಿ ಧಾರಾಳವಾಗಿ ಆಡಬೇಕು. ಶೀಟಿಗೆ ಅರ್ಧ ಸೆಂಟಿಮೀಟರ್ ಫೋಮು ಅಂಟಿಸಿ, ಸೀಲಿಂಗಿನ ಮೇಲೆ ಅಲ್ಲಲ್ಲಿ ಥರ್ಮಾಕೋಲ್ ಎಸೆದು, ಅಟ್ಟದ ಕಿಂಡಿಯನ್ನೂ ಮುಚ್ಚಿದರೆ ಎರಡು ಕಡೆಯೂ ಕೆಲಸ ಅರೆಬರೆ.

ನಿಮ್ಮ ಶೀಟು ಚೆನ್ನಾಗಿದ್ದರೆ ತೆಗೆಯೋದು ಬೇಡ. ಸೀಲಿಂಗನ್ನೇ ಗಡಿ ಮಾಡ್ರಿ. ಕೆಲಸದ ಸರದಿ ಹೀಗೆ: ಶೀಟಿನ ಸೋರಿಕೆ ನಿಲ್ಲಿಸೋದು, ಶೀಟಿನ ಮೇಲ್ಮೈಗೆ ಬಿಳಿ ಬಳಿಯೋದು, ಅಟ್ಟಕ್ಕೆ ಗಾಳಿ ಕಿಂಡಿ ಬಿಡೋದು, ಸೀಲಿಂಗಿನ ಸಂದಿ ಮುಚ್ಚೋದು, ಕೊನೆಗೆ ಉಣ್ಣೆ, ಅಂದರೆ ರಾಕ್‌ವೂಲ್ ಅನ್ನೋ ಕಲ್ಲಿನ ಎಳೆಯ ಹಾಸು, ಹಾಸೋದು. ಇಲ್ಲಿ ಹೆಚ್ಚಿನವರು ಕೊನೇದನ್ನ ಮೊದಲು ಮಾಡಿ, ಮಿಕ್ಕಿದ್ದನ್ನ ಮಾಡೋದೇ ಇಲ್ಲ. ಉಣ್ಣೆ ಹಾಸಿದ ಮೇಲೆ ಸಂದಿ ಕಣ್ಣಿಗೇ ಬೀಳಲ್ಲ, ಮುಚ್ಚೋದು ಎಲ್ಲಿಂದ ಬಂತು?

ದುರ್ಗದ ಗಾರೆ

ಮೇಲಿನ ಮಾತು ಸರಿ. ಅದಕ್ಕೆ ಅಂಕಿ ಸೇರಿಸ್ತೀನಿ, ಯಾಕಂದರೆ ದಪ್ಪ ಎಷ್ಟು ಅನ್ನೋ ಪ್ರಶ್ನೆಗೆ ಅಂದಾಜಿನ ಉತ್ತರ ಸಾಲದು.

20 × 15 ಅಡಿ ಅಂದರೆ 300 ಚದರಡಿ, ಸುಮಾರು 27.9 ಚದರ ಮೀಟರು. ಏಪ್ರಿಲ್ ಮಧ್ಯಾಹ್ನ ಅಟ್ಟದೊಳಗೆ 55 ಡಿಗ್ರಿ, ರೂಮಲ್ಲಿ 32 ಅಂತ ಹಿಡಿಯಿರಿ. ವ್ಯತ್ಯಾಸ 23. ಬರೀ ಅರ್ಧ ಇಂಚು ಜಿಪ್ಸಂ ಬೋರ್ಡು ಇದ್ದರೆ, ಅದರ ಮೇಲೆ ಕೆಳಗೆ ಅಂಟಿಕೊಂಡ ಗಾಳಿಯ ಪದರವನ್ನೂ ಸೇರಿಸಿದರೆ, ಯು ಮೌಲ್ಯ (ಒಂದು ಡಿಗ್ರಿ ವ್ಯತ್ಯಾಸಕ್ಕೆ ಒಂದು ಚದರ ಮೀಟರಲ್ಲಿ ದಾಟೋ ಬಿಸಿ, ವ್ಯಾಟಲ್ಲಿ) 2.4ರ ಹತ್ತಿರ ಬರುತ್ತೆ. ಗುಣಿಸಿದರೆ ಸುಮಾರು 1,540 ವ್ಯಾಟ್ ಬಿಸಿ ಸೀಲಿಂಗ್ ದಾಟಿ ಕೆಳಗೆ ಬರುತ್ತೆ. ಒಂದೂವರೆ ಕಿಲೋವ್ಯಾಟಿನ ಹೀಟರನ್ನ ತಲೆ ಮೇಲೆ ಕಟ್ಟಿಕೊಂಡು ಎಸಿ ಓಡಿಸಿದ ಹಾಗೆ.

50 ಮಿ.ಮೀ. ರಾಕ್‌ವೂಲ್ ಹಾಸಿದರೆ ಯು ಮೌಲ್ಯ 0.57ಕ್ಕೆ ಇಳಿಯುತ್ತೆ, ಬಿಸಿ 370 ವ್ಯಾಟಿಗೆ. 100 ಮಿ.ಮೀ. ಹಾಸಿದರೆ 0.33, ಅಂದರೆ 210 ವ್ಯಾಟು. ಗಮನಿಸಿ, ಮೊದಲ ಎರಡು ಇಂಚು 1,170 ವ್ಯಾಟ್ ತಡೆಯಿತು, ಎರಡನೇ ಎರಡು ಇಂಚು ತಡೆದದ್ದು 160 ಮಾತ್ರ. ಆದ್ದರಿಂದ ದುಡ್ಡಿಗೆ ಮಿತಿ ಇದ್ದರೆ 50 ಮಿ.ಮೀ. ಸಾಕು. ಎರಡನೇ ಪದರಕ್ಕೆ ಹಾಕೋ ದುಡ್ಡನ್ನ ಸಂದಿ ಮುಚ್ಚೋಕೆ, ಶೀಟಿಗೆ ಬಿಳಿ ಬಳಿಯೋಕೆ ಹಾಕಿ, ಹೆಚ್ಚು ತಂಪು ಸಿಗುತ್ತೆ.

ಕೇಂದ್ರ ಸರ್ಕಾರದ ಇಕೋ ನಿವಾಸ್ ಸಂಹಿತಾ 2018ರ ಪ್ರಕಾರ ವಾಸದ ಮನೆಯ ಚಾವಣಿಯ ಯು ಮೌಲ್ಯ 1.2 ಮೀರಬಾರದು. 50 ಮಿ.ಮೀ. ಹಾಕಿದ ನಿಮ್ಮ ಸೀಲಿಂಗ್ ಆ ಮಿತಿಯ ಅರ್ಧಕ್ಕೂ ಕಡಿಮೆ ಆಗುತ್ತೆ.

ಇನ್ನು ಸಾಮಾನು. ರಾಕ್‌ವೂಲ್ ಸ್ಲ್ಯಾಬು 1 ಮೀಟರ್ × 0.6 ಮೀಟರ್ ಅಳತೆಯದ್ದಾದರೆ ಒಂದಕ್ಕೆ 0.6 ಚದರ ಮೀಟರು. 47 ಬೇಕು, ಕತ್ತರಿಸೋ ನಷ್ಟ ಸೇರಿ 50 ತನ್ನಿ. ಸಾಂದ್ರತೆ ಘನ ಮೀಟರಿಗೆ 48 ಕೆಜಿ ಕೇಳಿ, ಐಎಸ್ 8183 (ಇಂಥ ಉಣ್ಣೆಯ ಭಾರತೀಯ ಮಾನಕ) ಗುರುತು ಇರೋದು ನೋಡಿ. ಚದರ ಮೀಟರಿಗೆ 2.4 ಕೆಜಿ ಭಾರ, ಇಡೀ ರೂಮಿಗೆ 67 ಕೆಜಿ. ಅರ್ಧ ಇಂಚು ಜಿಪ್ಸಂ ಬೋರ್ಡೇ ಚದರ ಮೀಟರಿಗೆ ಎಂಟೊಂಬತ್ತು ಕೆಜಿ ತೂಗುತ್ತೆ, ಹಾಗಾಗಿ ಇದು ದೊಡ್ಡ ಹೊರೆಯೇನಲ್ಲ. ಆದರೆ ಚೌಕಟ್ಟು ಸರಿಯಾಗಿ ಕಟ್ಟಿರಬೇಕು. ಬೋರ್ಡ್ ಹಿಡಿಯೋ ಸೆಕ್ಷನ್ನು ಒಂದೂವರೆ ಅಡಿಗೊಂದು, ಅದನ್ನ ಹೊರೋ ಚಾನೆಲ್ಲು ನಾಲ್ಕಡಿಗೊಂದು, ಮೇಲಿನ ಪರ್ಲಿನ್‌ಗೆ (ಶೀಟನ್ನ ಹೊತ್ತ ಅಡ್ಡ ಕಬ್ಬಿಣಕ್ಕೆ) ಬಿಗಿದ ತೂಗುಪಟ್ಟಿ ಅಲುಗಾಡದಂತೆ ಇರಬೇಕು. ಕೆಲವು ಕಡೆ ತೂಗುಪಟ್ಟಿ ಬದಲು ಕಟ್ಟೋ ತಂತಿಯಲ್ಲೇ ಮುಗಿಸಿರ್ತಾರೆ. ಹಾಗಿದ್ದರೆ ಮೊದಲು ಅದನ್ನ ಸರಿ ಮಾಡಿಸಿ, ಆಮೇಲೆ ಉಣ್ಣೆ.

ನಿಟ್ಟುವಳ್ಳಿ ಓದುಗ

ಒಂದು ಸಂದೇಹ. ಬಿಸಿ ಗಾಳಿ ಹಗುರ, ಮೇಲೇ ನಿಲ್ಲುತ್ತೆ ಅಂತ ಶಾಲೆಯಲ್ಲಿ ಓದಿದ್ದೀವಲ್ಲ. ಅಟ್ಟದ ಗಾಳಿ ಸಂದಿಯಿಂದ ಕೆಳಗೆ ಯಾಕೆ ಬರುತ್ತೆ? ಸಂದಿ ಮುಚ್ಚೋಕೆ ಅಷ್ಟು ಒತ್ತು ಯಾಕೆ?

ದುರ್ಗದ ಗಾರೆ

ಒಳ್ಳೇ ಪ್ರಶ್ನೆ. ತಾನಾಗಿ ಬರಲ್ಲ, ಎಳೆದರೆ ಬರುತ್ತೆ. ಎಳೆಯೋದು ಮೂರು.

ಒಂದು, ಎಸಿ. ತಂಪಾದ ಗಾಳಿ ಭಾರ, ಅದು ಬಾಗಿಲ ಕೆಳಗಿನ ಸಂದಿಯಿಂದ ಹೊರಗೆ ಹರಿದು ಹೋಗುತ್ತೆ. ಹೋದಷ್ಟು ಗಾಳಿ ಎಲ್ಲಿಂದಲಾದರೂ ಒಳಗೆ ಬರಲೇಬೇಕು. ಸೀಲಿಂಗಲ್ಲಿ ತೂತಿದ್ದರೆ ಅಲ್ಲಿಂದ, ಅಂದರೆ 55 ಡಿಗ್ರಿಯ ಅಟ್ಟದಿಂದ. ಎರಡು, ಬಾತ್‌ರೂಮಿನ ಅಥವಾ ಅಡುಗೆಮನೆಯ ಎಕ್ಸಾಸ್ಟ್ ಫ್ಯಾನು. ಮೂರು, ಬಯಲುಸೀಮೆಯ ಗಾಳಿ. ಚಿತ್ರದುರ್ಗದ ಜೋಗಿಮಟ್ಟಿ ಗುಡ್ಡದ ಮೇಲೆ ಗಾಳಿಯಂತ್ರಗಳು ಸುಮ್ಮನೆ ನಿಂತಿಲ್ಲ. ಆ ಗಾಳಿ ಶೀಟಿನ ಅಂಚಿಗೆ ಬಡಿದಾಗ ಅಟ್ಟದೊಳಗೆ ಒತ್ತಡ ಏರಿ, ಧೂಳಿನ ಸಮೇತ ಕೆಳಗೆ ನುಗ್ಗುತ್ತೆ. ಫ್ಯಾನಿನ ಬಟ್ಟಲಿನ ಸುತ್ತ, ಲೈಟಿನ ಸುತ್ತ ಸೀಲಿಂಗ್ ಮೇಲೆ ಕಂದು ಬಣ್ಣದ ಉಂಗುರ ಬಿದ್ದಿದ್ದರೆ ಅದೇ ಸಾಕ್ಷಿ.

ಸಂದಿ ಸಣ್ಣದು ಅಂತ ಬಿಡಬೇಡಿ. ನಿಮ್ಮ ರೂಮಿನ ಸುತ್ತಳತೆ 70 ಅಡಿ, ಅಂದರೆ 21.3 ಮೀಟರು. ಗೋಡೆಗೂ ಬೋರ್ಡಿಗೂ ನಡುವೆ ಸುತ್ತಲೂ ಬರೀ 3 ಮಿ.ಮೀ. ಸಂದಿ ಇದ್ದರೆ ಒಟ್ಟು ಸುಮಾರು 640 ಚದರ ಸೆಂಟಿಮೀಟರು. ಸೀಲಿಂಗ್ ನಡುವೆ 25 ಸೆಂ.ಮೀ. ಚೌಕದ ತೂತು ಕೊರೆದು ಬಿಟ್ಟಷ್ಟೇ ಲೆಕ್ಕ.

ಇನ್ನೊಂದು ವಿಷಯ, ರಾಕ್‌ವೂಲ್ ಗಾಳಿ ತಡೆಯಲ್ಲ. ಅದು ಒಳಗಿನ ಗಾಳಿಯನ್ನ ಅಲುಗದಂತೆ ಹಿಡಿಯುತ್ತೆ ಅಷ್ಟೇ. ಒತ್ತಡ ಬಿದ್ದರೆ ಗಾಳಿ ಅದರ ಮೂಲಕ ಹಾದು ಹೋಗುತ್ತೆ, ಜರಡಿಯಲ್ಲಿ ಹಾದ ಹಾಗೆ. ಸ್ವೆಟರ್ ಹಾಕಿಕೊಂಡು ಬೈಕಲ್ಲಿ ಹೋದರೆ ಚಳಿ ಆಗುತ್ತಲ್ಲ, ಹಾಗೆ.

ವಿದ್ಯಾನಗರ ಕಡೇ ತಿರುವು

ಕಂದು ಉಂಗುರ ಆರೂ ಲೈಟಿನ ಸುತ್ತ ಇದೆ. ಸಂದಿ ಹುಡುಕೋದು, ಮುಚ್ಚೋದು ಹೇಗೆ ಅಂತ ಹಂತ ಹಂತವಾಗಿ ಹೇಳ್ತೀರಾ?

ತಗಡು-ತೊಲೆ

ಹುಡುಕೋಕೆ ಊದುಬತ್ತಿ ಸಾಕು. ಕಿಟಕಿ ಮುಚ್ಚಿ, ಬಾತ್‌ರೂಮಿನ ಬಾಗಿಲು ತೆರೆದು ಎಕ್ಸಾಸ್ಟ್ ಫ್ಯಾನ್ ಹಾಕಿ, ಸೀಲಿಂಗ್ ಫ್ಯಾನ್, ಎಸಿ ಎರಡನ್ನೂ ನಿಲ್ಲಿಸಿ. ಗೀಸರ್ ಆರಿಸಿರಬೇಕು, ಸಿಲಿಂಡರಿನ ರೆಗ್ಯುಲೇಟರ್ ಮುಚ್ಚಿರಬೇಕು. ಊದುಬತ್ತಿಯನ್ನ ಸೀಲಿಂಗಿಗೆ ಒಂದು ಗೇಣು ದೂರ ಹಿಡಿದು ಗೋಡೆ ಅಂಚಿನಗುಂಟ ನಿಧಾನಕ್ಕೆ ಸುತ್ತು ಬನ್ನಿ. ಹೊಗೆ ನೆಟ್ಟಗೆ ಏರಿದರೆ ಸರಿ. ಕೆಳಕ್ಕೆ ತಳ್ಳಿಸಿಕೊಂಡರೆ ಅಲ್ಲಿ ಸಂದಿ ಇದೆ. ಪೆನ್ಸಿಲಲ್ಲಿ ಗುರುತು ಹಾಕಿ. ಲೈಟು, ಫ್ಯಾನಿನ ಬಟ್ಟಲು, ಎಸಿ ಪೈಪು ಗೋಡೆ ದಾಟೋ ಜಾಗ, ಟ್ರ್ಯಾಪ್ ಡೋರು (ಅಟ್ಟ ಹತ್ತೋಕೆ ಸೀಲಿಂಗಲ್ಲಿ ಬಿಟ್ಟ ಬಾಗಿಲು), ಕರ್ಟನ್ ಪೆಟ್ಟಿಗೆಯ ಒಳಭಾಗ, ಇಷ್ಟನ್ನ ಬಿಡದೆ ನೋಡಿ. ಕರ್ಟನ್ ಪೆಟ್ಟಿಗೆಯ ಹಿಂದೆ ಬೋರ್ಡೇ ಇಲ್ಲದೆ ಅಟ್ಟಕ್ಕೆ ತೆರೆದುಕೊಂಡಿರೋದು ಬಹಳ ಕಡೆ ಉಂಟು.

ಮುಚ್ಚೋಕೆ ಸಂದಿಯ ಅಗಲ ನೋಡಿ ಸಾಮಾನು. 6 ಮಿ.ಮೀ. ತನಕ ಬಣ್ಣ ಬಳಿಯಬಹುದಾದ ಅಕ್ರಿಲಿಕ್ ಸೀಲಂಟ್. ಸಿಲಿಕೋನ್ ಹಾಕಿದರೆ ಆಮೇಲೆ ಪೇಂಟ್ ಕೂರಲ್ಲ, ಗೋಡೆ ಅಂಚಿಗೆ ಅದು ಬೇಡ. 6ರಿಂದ 15 ಮಿ.ಮೀ. ಇದ್ದರೆ ಮೊದಲು ಫೋಮಿನ ಹುರಿ ತುಂಬಿ, ಅದರ ಮೇಲೆ ಸೀಲಂಟ್ ಎಳೆಯಿರಿ. ಹುರಿ ಇಲ್ಲದೆ ಆಳಕ್ಕೆ ಸೀಲಂಟ್ ತುಂಬಿದರೆ ಒಣಗಿ ಕುಗ್ಗಿ ನಡುವೆ ಸೀಳುತ್ತೆ. ಅದಕ್ಕಿಂತ ದೊಡ್ಡ ತೂತು, ಎಸಿ ಪೈಪಿನ ಸುತ್ತ, ಬ್ಲಾಕ್ ಗೋಡೆ ಒಡೆದ ಜಾಗ ಇದಕ್ಕೆಲ್ಲ ಡಬ್ಬಿಯಿಂದ ಹೊಡೆಯೋ ಪಿಯು ಫೋಮ್. ತೂತಿನ ಅರ್ಧ ಮಾತ್ರ ತುಂಬಿ, ಅದು ತಾನೇ ಉಬ್ಬುತ್ತೆ. ಹೊಡೆಯೋಕೆ ಮುಂಚೆ ಜಾಗಕ್ಕೆ ನೀರು ಚಿಮುಕಿಸಿ ಧೂಳು ಕೂರಿಸಿ. ನಮ್ಮ ಊರಿನ ಒಣ ಹವೆಯಲ್ಲಿ ನೀರಿಲ್ಲದೆ ಹೊಡೆದರೆ ಫೋಮು ಒಳಗೆ ಹಸಿಯಾಗೇ ಉಳಿದು ಆಮೇಲೆ ಕುಸಿಯುತ್ತೆ. ಬಿಸಿಲು ಬೀಳೋ ಕಡೆ ಫೋಮನ್ನ ಹಾಗೇ ಬಿಡಬೇಡಿ, ಪುಡಿಯಾಗುತ್ತೆ, ಮೇಲೆ ಸಿಮೆಂಟ್ ಮೆತ್ತಿ.

ಲೆಕ್ಕ: 300 ಎಂಎಲ್ ಟ್ಯೂಬಿಂದ 6 ಮಿ.ಮೀ. ದಪ್ಪದ ಗೆರೆ ಸುಮಾರು 8 ಮೀಟರ್ ಬರುತ್ತೆ. ಸುತ್ತಳತೆಗೆ ಮೂರು, ಲೈಟು ಫ್ಯಾನಿಗೆ ಒಂದು, ಒಟ್ಟು ನಾಲ್ಕು ಟ್ಯೂಬು. ಪಿಯು ಫೋಮ್ 750 ಎಂಎಲ್ ಒಂದು ಡಬ್ಬಿ ಸಾಕು.

ಟ್ರ್ಯಾಪ್ ಡೋರಿನ ನಾಲ್ಕೂ ಅಂಚಿಗೆ ಅಂಟುವ ರಬ್ಬರ್ ಪಟ್ಟಿ ಹಾಕಿ, ಬೆನ್ನಿಗೆ ಎರಡಿಂಚು ಉಣ್ಣೆ ಕಟ್ಟಿ, ಒತ್ತಿ ಹಿಡಿಯೋ ಚಿಲಕ ಕೊಡಿ. ಬರೀ ತೂಕದಿಂದ ಕೂತಿರೋ ಬಾಗಿಲು ಗಾಳಿ ಬೀಸಿದಾಗ ಎದ್ದು ಬೀಳುತ್ತೆ.

ವೈರ್‌ಮನ್ ಹರಿಹರ

ಯಾರೂ ವೈರಿನ ಮಾತೇ ಎತ್ತಿಲ್ಲ. ದಯವಿಟ್ಟು ಇದನ್ನ ಓದದೆ ಕೆಲಸ ಶುರು ಮಾಡಬೇಡಿ.

ಥರ್ಮಾಕೋಲ್ ಮತ್ತು ಪಿವಿಸಿ ವೈರು ಒಂದಕ್ಕೊಂದು ತಾಗಬಾರದು. ವೈರಿನ ಪಿವಿಸಿಯನ್ನ ಮೆತ್ತಗಿಡೋ ಎಣ್ಣೆಯಂಥ ಅಂಶ ನಿಧಾನಕ್ಕೆ ಥರ್ಮಾಕೋಲಿಗೆ ಇಳಿಯುತ್ತೆ. ಥರ್ಮಾಕೋಲ್ ಕರಗಿ ಅಂಟಾಗುತ್ತೆ, ವೈರಿನ ಹೊದಿಕೆ ಗಟ್ಟಿಯಾಗಿ ಬಿರುಕು ಬಿಡುತ್ತೆ. ಅದೂ ಅಲ್ಲದೆ 80 ಡಿಗ್ರಿ ದಾಟಿದರೆ ಥರ್ಮಾಕೋಲ್ ಮೆತ್ತಗಾಗುತ್ತೆ, ಬೆಂಕಿ ತಾಗಿದರೆ ಉರಿಯುವ ಹನಿ ತೊಟ್ಟಿಕ್ಕುತ್ತೆ. ಸಾಮಾನು ಪ್ಯಾಕಿಂಗಿಗೆ ಬಳಸಿದ ಥರ್ಮಾಕೋಲನ್ನ ಅಟ್ಟಕ್ಕೆ ಹಾಕೋದಂತೂ ಬೇಡವೇ ಬೇಡ. ರಾಕ್‌ವೂಲ್ ಕಲ್ಲಿನದು, ಉರಿಯಲ್ಲ.

ಉಣ್ಣೆಯಲ್ಲಿ ಹೂತ ವೈರು ತನ್ನ ಬಿಸಿಯನ್ನ ಹೊರಗೆ ಬಿಡಲಾರದು. ಲೈಟಿನ ವೈರಿಗೆ ಚಿಂತೆ ಇಲ್ಲ. ಎಸಿಯ ವೈರು ಸೀಲಿಂಗ್ ಮೇಲೆ ಹಾದಿದ್ದರೆ ಅದನ್ನ ಉಣ್ಣೆಯ ಮೇಲ್ಗಡೆ ಪರ್ಲಿನ್‌ಗೆ ಕಟ್ಟಿ. ಒಂದೂವರೆ ಟನ್ನಿಗೆ 4 ಚದರ ಮಿ.ಮೀ. ತಾಮ್ರದ ವೈರು ಇರಲಿ. ಟೇಪು ಸುತ್ತಿದ ಜಾಯಿಂಟು ಅಟ್ಟದಲ್ಲಿ ಒಂದೂ ಉಳಿಯಬಾರದು, ಎಲ್ಲವೂ ಮುಚ್ಚಳ ಇರೋ ಪೆಟ್ಟಿಗೆಯೊಳಗೆ, ಪೆಟ್ಟಿಗೆ ಉಣ್ಣೆಯ ಮೇಲೆ ಕಾಣೋ ಹಾಗೆ.

ಎಲ್‌ಇಡಿ ಲೈಟಿನ ಡ್ರೈವರ್ (ಲೈಟಿಗೆ ಕರೆಂಟು ಹೊಂದಿಸಿ ಕೊಡೋ ಪುಟ್ಟ ಪೆಟ್ಟಿಗೆ) ಬಿಸಿಯಾಗುತ್ತೆ. ಅದನ್ನ ಉಣ್ಣೆಯಡಿ ಹೂತರೆ ಬೇಗ ಸಾಯುತ್ತೆ. ಪ್ರತಿ ಲೈಟಿನ ಸುತ್ತ ಮೂರು ಇಂಚು ಬಿಟ್ಟು ತಗಡಿನ ಡಬ್ಬಿ ಕವುಚಿ, ಡಬ್ಬಿಯ ಅಂಚಿಗೆ ಸೀಲಂಟ್ ಎಳೆದು, ಹೊರಗಡೆ ಉಣ್ಣೆ ತಾಗಿಸಿ. ಡ್ರೈವರನ್ನ ಮಾತ್ರ ಡಬ್ಬಿಯ ಹೊರಗೆ ಮೇಲಕ್ಕೆ ತನ್ನಿ. ಇದಕ್ಕಿಂತ ಸುಲಭದ ದಾರಿ, ಒಳಗೆ ಹುದುಗಿಸೋ ಲೈಟು ತೆಗೆದು, ಬೋರ್ಡಿನ ತೂತು ಮುಚ್ಚಿಸಿ, ಮೇಲ್ಮೈಗೆ ಅಂಟೋ ಪ್ಯಾನೆಲ್ ಲೈಟು ಹಾಕೋದು. ಆಗ ಆರು ತೂತು ಹೋಗಿ ಆರು ವೈರಿನ ಕಿಂಡಿ ಮಾತ್ರ ಉಳಿಯುತ್ತೆ. ನಾನಾದರೆ ಇದನ್ನೇ ಹೇಳೋದು.

ಫಾಯಿಲ್ ಹೊಡೆಯೋರು ಮೇನ್ ಸ್ವಿಚ್ ಆರಿಸದೆ ಒಂದು ಸ್ಟೇಪಲ್ ಕೂಡ ಹೊಡೆಯಬಾರದು. ಅಲ್ಯೂಮಿನಿಯಂ ಕರೆಂಟು ಹರಿಸುತ್ತೆ, ಸ್ಟೇಪಲ್ ಪಿನ್ನು ವೈರಿಗೆ ತಾಗಿದರೆ ಇಡೀ ಚಾವಣಿಯೇ ಲೈವ್. ಆಸ್ಟ್ರೇಲಿಯಾದಲ್ಲಿ 2009ರಲ್ಲಿ ಸರ್ಕಾರವೇ ಮನೆ ಅಟ್ಟಗಳಿಗೆ ಉಷ್ಣ ತಡೆ ಹಾಕಿಸೋ ಯೋಜನೆ ನಡೆಸಿತ್ತು. ನಾಲ್ಕು ಹುಡುಗರು ಕೆಲಸದಲ್ಲೇ ಸತ್ತರು, ಮೂವರು ವಿದ್ಯುತ್ ತಗುಲಿ, ಒಬ್ಬ ಅಟ್ಟದ ಬಿಸಿಗೆ. ಫಾಯಿಲ್ ಬಳಕೆಯನ್ನ ಮರುವರ್ಷ ಫೆಬ್ರವರಿಯಲ್ಲಿ ನಿಲ್ಲಿಸಿದರು. ಇಲ್ಲಿಯೂ ಏಪ್ರಿಲ್‌ನಲ್ಲಿ ಅಟ್ಟ ಹತ್ತೋದಾದರೆ ಬೆಳಗ್ಗೆ ಆರಕ್ಕೆ ಹತ್ತಿ ಒಂಬತ್ತಕ್ಕೆ ಇಳೀಬೇಕು. ಕೆಳಗೆ ಒಬ್ಬರು ನಿಂತಿರಬೇಕು, ಆಗಾಗ ಕೂಗಿ ಮಾತಾಡಿಸ್ತಾ ಇರಬೇಕು.

ಕೋಟೆ ಕೆಳಗಿನ ಮನೆ

ಹಾಗಾದರೆ ಫಾಯಿಲ್ ಬೇಡವೇ ಬೇಡವಾ? ಗಾಳಿಗುಳ್ಳೆಯ ಪ್ಲಾಸ್ಟಿಕ್ಕಿಗೆ ಫಾಯಿಲ್ ಅಂಟಿಸಿದ ಬಬಲ್ ಶೀಟು ಅಂತ ಎಲ್ಲಾ ಅಂಗಡೀಲೂ ಅದನ್ನೇ ತೋರಿಸ್ತಾರೆ.

ತಗಡು-ತೊಲೆ

ಬೇಡ ಅಂತಲ್ಲ, ಹಾಕೋ ರೀತಿ ತಪ್ಪಿದರೆ ದಂಡ. ಹೊಳೆಯೋ ಅಲ್ಯೂಮಿನಿಯಂ ತನಗೆ ಬಿಸಿ ಇದ್ದರೂ ಅದನ್ನ ಎದುರಿಗೆ ಹೊಮ್ಮಿಸೋದು ಬಹಳ ಕಡಿಮೆ. ಆದರೆ ಆ ಗುಣ ಕೆಲಸ ಮಾಡಬೇಕಾದರೆ ಹೊಳೆಯೋ ಮುಖದ ಎದುರು ಕನಿಷ್ಠ ಒಂದಿಂಚು ಖಾಲಿ ಜಾಗ ಬೇಕು. ಶೀಟಿಗೇ ಗೋಂದು ಹಾಕಿ ಅಂಟಿಸಿದರೆ ಮೇಲಿನ ಮುಖ ಸತ್ತಂತೆ, ಕೆಳಗಿನ ಮುಖ ಮಾತ್ರ ಉಪಯೋಗ. ಉಣ್ಣೆಯ ಮೇಲೆ ಹೊಳೆಯೋ ಮುಖ ಮೇಲಾಗಿ ಹಾಸಿದರೆ ನಮ್ಮ ಕೆಂಪು ಧೂಳು ಒಂದೇ ಬೇಸಿಗೆಯಲ್ಲಿ ಅದನ್ನ ಮುಚ್ಚಿಬಿಡುತ್ತೆ. ಧೂಳು ಬಿದ್ದ ಮೇಲೆ ಅದು ಫಾಯಿಲ್ ಅಲ್ಲ, ಬರೀ ಹಾಳೆ.

ಸರಿಯಾದ ಜಾಗ ಪರ್ಲಿನ್ನಿನ ಕೆಳಮುಖ. ಪರ್ಲಿನ್ನಿಂದ ಪರ್ಲಿನ್ನಿಗೆ ಎಳೆದು, ಹೊಳೆಯೋ ಮುಖ ಕೆಳಗೆ ಮಾಡಿ ಕಟ್ಟಿ. ಕೆಳಮುಖದ ಮೇಲೆ ಧೂಳು ಕೂರಲ್ಲ. ನೆತ್ತಿಯ ಹತ್ತಿರ ಎರಡು ಇಂಚು, ಕೆಳ ಅಂಚಲ್ಲಿ ಎರಡು ಇಂಚು ತೆರವು ಬಿಟ್ಟರೆ ಶೀಟಿಗೂ ಫಾಯಿಲ್‌ಗೂ ನಡುವಿನ ಬಿಸಿ ಗಾಳಿ ಮೇಲೆ ಹರಿದು ಹೋಗುತ್ತೆ. ಉಣ್ಣೆ ಹಾಸಿದ ಮೇಲೂ ಕಾವು ಉಳಿದರೆ ಮಾತ್ರ ಇದಕ್ಕೆ ಕೈ ಹಾಕಿ.

ಅದಕ್ಕಿಂತ ಮುಂಚೆ ಶೀಟಿನ ಮೇಲ್ಮೈ. ಗಾಢ ನೀಲಿ ಬಿಸಿಲನ್ನ ಕುಡಿದುಬಿಡುತ್ತೆ. ಬಿಳಿ ಕೂಲ್ ರೂಫ್ ಪೇಂಟು ಹೊಸದಿದ್ದಾಗ ಬಿಸಿಲಿನ ಹೆಚ್ಚು ಪಾಲನ್ನ ಹಿಂದಕ್ಕೆ ಎಸೆಯುತ್ತೆ. ಹಳೇ ಶೀಟನ್ನ ಸೋಪಿನ ನೀರಲ್ಲಿ ಉಜ್ಜಿ ತೊಳೆದು, ತುಕ್ಕು ಕೆರೆದು, ಕಲಾಯಿ ತಗಡಿಗೆ ಹಿಡಿಯೋ ಪ್ರೈಮರ್ ಒಂದು ಕೈ, ಬಿಳಿ ಎರಡು ಕೈ. ಪ್ರೈಮರ್ ಬಿಟ್ಟರೆ ಮೊದಲ ಮಳೆಗಾಲಕ್ಕೇ ಸಿಪ್ಪೆ ಎದ್ದು ಬರುತ್ತೆ. ಪೇಂಟಿಗೆ ಮುಂಚೆ ಶೀಟಿನ ಸ್ಕ್ರೂಗಳ ರಬ್ಬರ್ ವಾಷರ್ ನೋಡಿ. ಬಿಸಿಲಿಗೆ ಬಿರಿದಿದ್ದರೆ ಬದಲಿಸಿ, ಪೈಪಲ್ಲಿ ನೀರು ಬಿಟ್ಟು ಅಟ್ಟದೊಳಗಿಂದ ನೋಡಿ. ನೆಂದ ರಾಕ್‌ವೂಲ್ ತಡೆಯೋ ಶಕ್ತಿ ಕಳ್ಕೊಳ್ಳುತ್ತೆ, ಭಾರಕ್ಕೆ ಸೀಲಿಂಗೂ ಜೋತುಬೀಳುತ್ತೆ. ಪ್ರತಿ ವರ್ಷ ಸಂಕ್ರಾಂತಿ ಆದ ಮೇಲೆ ಶೀಟು ಒಮ್ಮೆ ತೊಳೆಸಿ, ಧೂಳು ಹಿಡಿದ ಬಿಳಿ ಬಿಳಿಯಲ್ಲ.

ಸಿಮೆಂಟ್ ಶೀಟು ಇರೋರಿಗೆ ಒಂದು ಎಚ್ಚರಿಕೆ. ಹಳೇ ಸಿಮೆಂಟ್ ಶೀಟಲ್ಲಿ ಕಲ್ನಾರು ಇರುತ್ತೆ. ಅದನ್ನ ತಂತಿ ಬ್ರಷ್ಷಲ್ಲಿ ಉಜ್ಜೋದು, ಒಣಗಿದಾಗ ಡ್ರಿಲ್ ಹಾಕೋದು ಮಾಡಬೇಡಿ. ಆ ಎಳೆ ಉಸಿರಲ್ಲಿ ಹೋದರೆ ಶ್ವಾಸಕೋಶಕ್ಕೆ ಕೇಡು. ನೀರು ಹಾಯಿಸಿ ಮೆತ್ತಗೆ ತೊಳೆದು ಬಳಿಯಿರಿ.

ಬಾಡದ ಭತ್ತ

ನಮ್ಮ ಸುತ್ತಮುತ್ತ ರೈಸ್ ಮಿಲ್ಲುಗಳು ಬೇಕಾದಷ್ಟು ಐತೆ. ಭತ್ತದ ಹೊಟ್ಟು ಉಷ್ಣ ತಡೆಯುತ್ತೆ ಅಂತಾರೆ. ಮೂಟೆಗಟ್ಟಲೆ ಸಿಗುತ್ತೆ. ನಾಲ್ಕಿಂಚು ಸುರಿದರೆ ಆಗಲ್ವಾ?

ದುರ್ಗದ ಗಾರೆ

ಉಷ್ಣ ತಡೆಯೋದು ನಿಜ. ಹೊಟ್ಟಲ್ಲಿ ಸಿಲಿಕಾ ಹೆಚ್ಚು, ಬೇರೆ ಹುಲ್ಲಿನಷ್ಟು ಬೇಗ ಕೊಳೆಯಲ್ಲ. ಆದರೆ ಮನೆಯ ಅಟ್ಟಕ್ಕೆ ನನ್ನ ಒಪ್ಪಿಗೆ ಇಲ್ಲ. ಹೊಟ್ಟಿನ ಜತೆ ನುಚ್ಚು ಬಂದೇ ಬರುತ್ತೆ, ನುಚ್ಚಿಗೆ ಇಲಿ ಬರುತ್ತೆ, ಇಲಿ ವೈರು ಕಡಿಯುತ್ತೆ. ಹೊಟ್ಟು ಜ್ವಾಲೆ ಕಾಣದ ಹಾಗೆ ಒಳಗೊಳಗೇ ಗಂಟೆಗಟ್ಟಲೆ ಕಾಯ್ದು ಉರಿಯುತ್ತೆ. ಇಲಿ ಕಡಿದ ವೈರು, ಅದರ ಸುತ್ತ ಹೊಟ್ಟು, ಯೋಚನೆ ಮಾಡಿ. ಮಿಲ್ಲಿನ ಹತ್ತಿಯ ಕಸಕ್ಕೂ ಇದೇ ಮಾತು, ಅದಂತೂ ಇನ್ನೂ ಬೇಗ ಹೊತ್ತಿಕೊಳ್ಳುತ್ತೆ.

ವಿದ್ಯಾನಗರ ಕಡೇ ತಿರುವು

ಅಟ್ಟಕ್ಕೆ ಗಾಳಿ ಕಿಂಡಿ ಅಂದಿರಿ. ಎಷ್ಟು ದೊಡ್ಡದು? ಮಂಗ, ಪಾರಿವಾಳ, ಮಳೆ ಎರಚಲು ಇದಕ್ಕೆಲ್ಲ ಏನು ಮಾಡೋದು? ಮತ್ತೆ ಬಾತ್‌ರೂಮಿನ ಸೀಲಿಂಗ್ ಕೂಡ ಹೀಗೇ ಮುಚ್ಚಬಹುದಾ?

ತಗಡು-ತೊಲೆ

ಕಿಂಡಿಗೆ ರೂಢಿಯ ಲೆಕ್ಕ ಸೀಲಿಂಗ್ ವಿಸ್ತೀರ್ಣದ 150ನೇ ಒಂದು ಪಾಲು. 300 ಚದರಡಿಗೆ 2 ಚದರಡಿ ನಿಜವಾದ ತೆರವು. ಅರ್ಧ ಕೆಳಗೆ ಶೀಟಿನ ಅಂಚಲ್ಲಿ, ಅರ್ಧ ಮೇಲೆ ತ್ರಿಕೋನ ಗೋಡೆಯ ನೆತ್ತಿಯ ಹತ್ತಿರ. ಕೆಳಗೊಂದು ಮೇಲೊಂದು ಇದ್ದರೆ ಬಿಸಿ ಗಾಳಿ ತಾನೇ ಏರಿ ಹೊರಗೆ ಹೋಗುತ್ತೆ, ಎರಡೂ ಒಂದೇ ಮಟ್ಟದಲ್ಲಿದ್ದರೆ ಗಾಳಿ ಬೀಸಿದಾಗ ಮಾತ್ರ ಕೆಲಸ. ಜಾಲರಿ ಹಾಕಿದಾಗ ತೆರವು ಕಡಿಮೆಯಾಗುತ್ತೆ, ಆದ್ದರಿಂದ ಕಿಂಡಿಯನ್ನ ಲೆಕ್ಕಕ್ಕಿಂತ ಒಂದೂವರೆಪಟ್ಟು ಮಾಡಿ. ಅಂದರೆ ಎರಡೂ ತುದಿಗೋಡೆಯಲ್ಲಿ ಒಂದೊಂದು ಅಡಿ ಅಗಲ ಮುಕ್ಕಾಲಡಿ ಎತ್ತರದ ಓರೆಪಟ್ಟಿಯ ಕಿಂಡಿ, ಉಳಿದದ್ದು ಶೀಟಿನ ಅಂಚಿನ ಏರುತಗ್ಗಿನ ಸಂದಿಯಲ್ಲೇ ಸಿಗುತ್ತೆ.

ಜಾಲರಿ 6 ಮಿ.ಮೀ. ಕಣ್ಣಿನ ಕಲಾಯಿ ತಂತಿಯದ್ದು ಹಾಕಿ. ಸೊಳ್ಳೆ ಪರದೆ ಹಾಕಿದರೆ ಧೂಳು ಮತ್ತು ಜೇಡರ ಬಲೆ ಎರಡು ತಿಂಗಳಲ್ಲಿ ಮುಚ್ಚಿಬಿಡುತ್ತೆ. ಓರೆಪಟ್ಟಿ ಹೊರಕ್ಕೆ ಇಳಿಜಾರಾಗಿರಬೇಕು. ಮುಂಗಾರಿನ ಗಾಳಿ ಪಡುವಣದಿಂದ ಬರುತ್ತೆ, ಪಡುವಣ ಮುಖದ ಕಿಂಡಿಗೆ ಮೇಲೊಂದು ತಗಡಿನ ಹುಬ್ಬು ಕೊಡಿ.

ಚಳಿಗಾಲಕ್ಕೂ ಈ ಕಿಂಡಿ ಬೇಕು. ಡಿಸೆಂಬರ್ ಬೆಳಗಿನ ಜಾವ ಶೀಟು ಆಕಾಶಕ್ಕೆ ಬಿಸಿ ಬಿಟ್ಟು ತಣ್ಣಗಾಗುತ್ತೆ, ಒಳಮುಖಕ್ಕೆ ಇಬ್ಬನಿ ಕೂತು ತೊಟ್ಟಿಕ್ಕುತ್ತೆ. ಗಾಳಿ ಆಡಿದರೆ ಅದು ಹತ್ತು ಗಂಟೆಯೊಳಗೆ ಆರುತ್ತೆ. ಶೀಟು ಸೋರ್ತಿದೆ ಅಂತ ಇದನ್ನೇ ತಪ್ಪು ತಿಳಿದು ಸ್ಕ್ರೂಗೆಲ್ಲ ಡಾಂಬರು ಮೆತ್ತೋರು ಇದಾರೆ.

ವೈರ್‌ಮನ್ ಹರಿಹರ

ಬಾತ್‌ರೂಮಿನ ಪ್ರಶ್ನೆಗೆ ನಾನು ಹೇಳ್ತೀನಿ, ಇದು ಪ್ರಾಣದ ವಿಷಯ. ಗ್ಯಾಸ್ ಗೀಸರ್ ಇರೋ ಬಾತ್‌ರೂಮಿನ ಗಾಳಿ ಕಿಂಡಿ ಮುಚ್ಚಲೇಬಾರದು. ಗ್ಯಾಸು ಉರಿಯೋಕೆ ಗಾಳಿ ಸಾಲದಿದ್ದರೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ತಲೆ ಸುತ್ತು ಬಂತು ಅನ್ನೋಷ್ಟರಲ್ಲಿ ಬಾಗಿಲ ಚಿಲಕ ತೆಗೆಯೋ ಶಕ್ತಿಯೂ ಇರಲ್ಲ. ರೂಮಿನ ಸಂದಿ ಮುಚ್ಚಿ, ಎಕ್ಸಾಸ್ಟ್ ಫ್ಯಾನನ್ನೂ ಓಡಿಸಿದರೆ ಗೀಸರಿನ ಹೊಗೆ ಹೊರಗೆ ಹೋಗೋ ಬದಲು ಒಳಕ್ಕೇ ತಿರುಗಬಹುದು. ನೀವು ಸೀಲಿಂಗ್ ಸೀಲ್ ಮಾಡೋದು ಖಚಿತ ಅಂದರೆ ಗೀಸರನ್ನ ಬಾತ್‌ರೂಮಿನ ಹೊರಗೋಡೆಗೆ, ಬಯಲಿಗೆ ಮುಖ ಮಾಡಿ, ನೀರಿನ ಪೈಪು ಮಾತ್ರ ಒಳಗೆ ತನ್ನಿ. ಅದು ಆಗೋ ತನಕ ಬಾತ್‌ರೂಮಿನ ಸೀಲಿಂಗ್ ಮುಟ್ಟಬೇಡಿ. ರೂಮಿಗೂ ಬಾತ್‌ರೂಮಿಗೂ ನಡುವಿನ ಬಾಗಿಲಿಗೆ ರಬ್ಬರ್ ಪಟ್ಟಿ ಹಾಕಿದರೆ ಸಾಕು.

ಸೌದೆ ಒಲೆ, ಹಂಡೆ ಒಲೆ ಇರೋ ಮನೆಗಳಿಗೂ ಇದೇ ನಿಯಮ. ಹೊಗೆ ಕೊಳವೆ ಸೀಲಿಂಗ್ ದಾಟೋ ಕಡೆ ಪಿಯು ಫೋಮ್ ಹೊಡೆಯಬೇಡಿ, ಉರಿಯುತ್ತೆ. ಅಲ್ಲಿ ತಗಡಿನ ಕೊರಳಪಟ್ಟಿ, ಸುತ್ತ ರಾಕ್‌ವೂಲ್.

ಚಳ್ಳಕೆರೆ ಕರ್ಲು

ಶೀಟಿನ ಮಾತಿನ ನಡುವೆ ಮಾಳಿಗೆ ಮನೆಯವರನ್ನ ಮರೀಬೇಡಿ. ಜಂತೆ ಮೇಲೆ ಮಣ್ಣು, ಮೇಲೆ ಕರ್ಲು (ಚೌಳು) ಮಣ್ಣಿನ ಪದರ ಇರೋ ಮನೆ ಮಧ್ಯಾಹ್ನ ತಣ್ಣಗೇ ಇರುತ್ತೆ, ಅಷ್ಟು ದಪ್ಪ ಮಣ್ಣು ದಾಟೋದರೊಳಗೆ ಹೊತ್ತು ಮುಳುಗಿರುತ್ತೆ. ಸೋರುತ್ತೆ ಅಂತ ಮಣ್ಣಿನ ಮೇಲೆ ಪ್ಲಾಸ್ಟಿಕ್ ಹಾಸಿ ಕಾಂಕ್ರೀಟ್ ಎಳೀಬಹುದಾ ಅಂತ ಕೇಳೋರು ಹೆಚ್ಚಾಗಿದಾರೆ.

ದುರ್ಗದ ಗಾರೆ

ಬೇಡ. ಎರಡು ಇಂಚು ಕಾಂಕ್ರೀಟ್ ಅಂದರೆ ಚದರ ಮೀಟರಿಗೆ 120 ಕೆಜಿ ಹೊಸ ಭಾರ. ಹಳೇ ತೊಲೆ ಅದಕ್ಕೆ ಲೆಕ್ಕ ಹಾಕಿ ಇಟ್ಟಿದ್ದಲ್ಲ. ಪ್ಲಾಸ್ಟಿಕ್ಕಿನ ಅಡಿ ತೇವ ಸಿಕ್ಕಿಕೊಂಡರೆ ಜಂತೆ ಲಡ್ಡಾಗುತ್ತೆ, ಗೆದ್ದಲು ಬರುತ್ತೆ. ಮಳೆಗಾಲಕ್ಕೆ ಮುಂಚೆ ಬಿರುಕು ನೋಡಿ ಹೊಸ ಕರ್ಲು ಹರಡಿ ಬಡಿಯೋದು, ಮಳೆ ನೀರು ಹೊರಗೆ ಬೀಳೋ ದೋಣಿಯ ಇಳಿಜಾರು ಸರಿ ಮಾಡೋದೇ ಸರಿಯಾದ ದಾರಿ. ಗವಾಕ್ಷಿಗೆ ಹಗಲು ಮುಚ್ಚಳ ಹಾಕಿ, ರಾತ್ರಿ ತೆರೆಯಿರಿ.

ಬರೀ ಆರ್‌ಸಿಸಿ ತಾರಸಿಯವರಿಗೂ ಒಂದು ಮಾತು. ನಿಮಗೆ ಒಳಗಿಂದ ಥರ್ಮಾಕೋಲ್ ಸೀಲಿಂಗ್ ಮಾಡೋದಕ್ಕಿಂತ ಮೇಲಿಂದ ತಡೆಯೋದು ಮೇಲು. ಆರಿಂಚು ಸ್ಲ್ಯಾಬು ಮಧ್ಯಾಹ್ನದ ಬಿಸಿಯನ್ನ ನುಂಗಿ ನಾಲ್ಕೈದು ಗಂಟೆ ಬಿಟ್ಟು ಕೆಳಗೆ ಉಗುಳುತ್ತೆ, ಅದಕ್ಕೇ ರಾತ್ರಿ ಎಂಟಕ್ಕೆ ಫ್ಯಾನಿನ ಗಾಳಿಯೂ ಬಿಸಿ. ಮೇಲೆ 50 ಮಿ.ಮೀ. ಎಕ್ಸ್‌ಪಿಎಸ್ (ಒತ್ತಾದ ಗಟ್ಟಿ ಫೋಮಿನ) ಹಲಗೆ, ಅದರ ಮೇಲೆ ನೀರು ಹರಿಯೋ ಇಳಿಜಾರು ಕೊಟ್ಟು ಗಾರೆ, ಬಿಳಿ ಟೈಲ್ಸ್ ಚೂರು ಕೂರಿಸಿದರೆ ಸ್ಲ್ಯಾಬು ಬಿಸಿಯಾಗೋದೇ ಇಲ್ಲ, ಹಿಗ್ಗಿ ಕುಗ್ಗಿ ಬಿರುಕು ಬಿಡೋದೂ ತಪ್ಪುತ್ತೆ. ಅಷ್ಟು ಕೈಲಾಗದಿದ್ದರೆ ತಾರಸಿ ತೊಳೆದು ಸುಣ್ಣಕ್ಕೆ ಬಿಳಿ ಸಿಮೆಂಟು, ಅಂಟು ಕಲಸಿ ಎರಡು ಕೈ ಬಳಿಯಿರಿ. ಕಣ್ಣಿಗೆ ಕನ್ನಡಕ ಇರಲಿ, ಸುಣ್ಣ ಸಿಡಿದರೆ ಕಣ್ಣು ಸುಡುತ್ತೆ. ವರ್ಷಕ್ಕೊಮ್ಮೆ ಮತ್ತೆ ಬಳೀಬೇಕು.

ವಿದ್ಯಾನಗರ ಕಡೇ ತಿರುವು

ತುಂಬ ಉಪಕಾರ. ಉಣ್ಣೆ ಹಾಸೋ ದಿನ ಗಮನಿಸಬೇಕಾದ್ದು ಏನಾದರೂ ಉಳಿದಿದೆಯಾ?

ತಗಡು-ತೊಲೆ

ಜಿಪ್ಸಂ ಬೋರ್ಡ್ ಮೇಲೆ ಕಾಲಿಡಬೇಡಿ, ನೇರ ರೂಮಿಗೆ ಬೀಳ್ತೀರಿ. ಅದನ್ನ ಹೊರೋ ಚಾನೆಲ್ಲಿನ ಮೇಲೂ ಬೇಡ, ಗೋಡೆಯಿಂದ ಗೋಡೆಗೆ ಹಲಗೆ ಹಾಕಿ ಅದರ ಮೇಲೆ ಕೂತು ಕೆಲಸ ಮಾಡಿ. ಗೋಡೆ ಬದಿಯ ಒಂದೂವರೆ ಅಡಿ ಜಾಗಕ್ಕೆ ಮನುಷ್ಯ ಹೋಗಲಾರ. ಅಲ್ಲಿಗೆ ಸ್ಲ್ಯಾಬನ್ನ ಬಿದಿರಿನ ಕೋಲಲ್ಲಿ ತಳ್ಳಿ, ಆದರೆ ಅಂಚಿನ ಗಾಳಿ ಸಂದಿಗೆ ಎರಡಿಂಚು ಬಿಟ್ಟು ನಿಲ್ಲಿಸಿ. ಇಲ್ಲೇ ಹೆಚ್ಚು ತಪ್ಪಾಗೋದು. ಉಣ್ಣೆಯನ್ನ ಅಂಚಿಗೆ ತುರುಕಿ ಗಾಳಿ ದಾರಿ ಮುಚ್ಚಿಬಿಡ್ತಾರೆ.

ಸ್ಲ್ಯಾಬಿಗೆ ಸ್ಲ್ಯಾಬು ಬಿಗಿಯಾಗಿ ತಾಗಬೇಕು. ಕತ್ತರಿಸುವಾಗ ಅಳತೆಗಿಂತ ಅರ್ಧ ಸೆಂಟಿಮೀಟರ್ ದೊಡ್ಡದಾಗಿ ಕತ್ತರಿಸಿ. ಬ್ರೆಡ್ ಕತ್ತರಿಸೋ ಹಲ್ಲಿನ ಚಾಕು ಸಾಕು. ತೂಗುಪಟ್ಟಿ ಬಂದ ಕಡೆ ಸೀಳಿ ಎರಡೂ ಕಡೆಯಿಂದ ಕೂರಿಸಿ, ಮೇಲೆ ತುಂಡು ಇಟ್ಟು ತೇಪೆ ಹಾಕಬೇಡಿ. ಒತ್ತಿ ಚಪ್ಪಟೆ ಮಾಡಬೇಡಿ, ದಪ್ಪ ಹೋದರೆ ಗುಣವೂ ಹೋಯಿತು.

ತುಂಬುತೋಳಿನ ಅಂಗಿ, ಕೈಗವಸು, ಕನ್ನಡಕ, ಎನ್95 ಮಾಸ್ಕ್. ಕೆಲಸ ಮುಗಿದ ಮೇಲೆ ಮೊದಲು ತಣ್ಣೀರು ಹುಯ್ಕೊಳ್ಳಿ, ಉಜ್ಜಬೇಡಿ. ಆ ಬಟ್ಟೆ ಬೇರೆ ಬಟ್ಟೆ ಜತೆ ಒಗೆಯೋಕೆ ಹಾಕಬೇಡಿ, ಎಳೆ ಎಲ್ಲಕ್ಕೂ ಹತ್ತಿ ಮೈಯೆಲ್ಲ ಕೆರೆತ.

ಮುಗಿದ ಮೇಲೆ ಮತ್ತೆ ಊದುಬತ್ತಿ ಹಚ್ಚಿ ಅದೇ ಪೆನ್ಸಿಲ್ ಗುರುತುಗಳ ಹತ್ತಿರ ಹಿಡಿದು ನೋಡಿ. ಹೊಗೆ ಇನ್ನೂ ಬಾಗಿದರೆ ಕೆಳಗಿನಿಂದಲೇ ಸೀಲಂಟ್ ಎಳೆದು ಸರಿಪಡಿಸಬಹುದು.